ನಾಲ್ಕು ಊರಿನ ಸೆಟ್

2024ರ ಜೂನ್ ಎರಡನೇ ವಾರದ ಒಂದು ಮಂಗಳವಾರ ಹಾವೇರಿಯ ಒಂದು ಪ್ರಯೋಗಾಲಯದಲ್ಲಿ ನನ್ನ ವೀರ್ಯದ ಪರೀಕ್ಷೆ ನಡೆಯಿತು. ವೀರ್ಯಾಣುಗಳ ಸಂಖ್ಯೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ, ಇರುವವುಗಳಲ್ಲೂ ಹೆಚ್ಚಿನವು ಚಲಿಸುತ್ತಿಲ್ಲ ಎಂದು ಸಂಜೆ ವರದಿ ಬಂತು. ಆಗ ನಮ್ಮ ಮದುವೆಯಾಗಿ ಆರು ವರ್ಷ. ಅಷ್ಟರೊಳಗೆ ಹುಬ್ಬಳ್ಳಿ, ದಾವಣಗೆರೆಗಳಲ್ಲಿ ನನ್ನ ಹೆಂಡತಿಗೆ ಆಗಬಹುದಾದ ಪರೀಕ್ಷೆಗಳೆಲ್ಲ ಆಗಿದ್ದವು. ಯಾವುದರಲ್ಲೂ ದೋಷ ಕಂಡಿರಲಿಲ್ಲ. ನನ್ನ ಪರೀಕ್ಷೆಯ ಮಾತು ಬಂದಾಗಲೆಲ್ಲ ಒಂದಲ್ಲ ಒಂದು ಸುದ್ದಿ ಅಡ್ಡ ಬರುತ್ತಿತ್ತು.

ನಾನು ಜಿಲ್ಲೆಯ ಒಂದು ಪತ್ರಿಕೆಯ ವರದಿಗಾರ. ಮನೆ ಹಾನಗಲ್ಲಿನಲ್ಲಿ. ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳೂ ನನ್ನ ಪಾಲಿಗೇ ಇವೆ. ನಾಲ್ಕನ್ನೂ ಬೈಕಿನ ಮೇಲೆ ಸುತ್ತುತ್ತೇನೆ. ಸೊಂಟದ ಕೆಳಗಿನ ನೋವು ಈ ಕೆಲಸದ ಜೊತೆಯಲ್ಲೇ ಬಂದದ್ದು.

ವರದಿ ನೋಡಿದ ವೈದ್ಯೆ ಕೇಳಿದ ಮೊದಲ ಪ್ರಶ್ನೆ: "ಯಾವ್ದಾದ್ರೂ ಔಷಧ ತಗೊಳ್ತೀರೇನು?"

"ಇಲ್ರಿ," ಎಂದೆ.

ಪಕ್ಕದಲ್ಲಿದ್ದ ಹೆಂಡತಿ ನನ್ನ ಕಡೆ ತಿರುಗಿದಳು. "ದಿನಾ ಸೆಟ್ ನುಂಗ್ತೀರಲ್ಲ, ಅದೇನ್ ಪೆಪ್ಪರಮೆಂಟೇನು?"

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಮ್ಮ ಕಡೆ ಸೆಟ್ಟನ್ನು ಯಾರೂ ಔಷಧವೆಂದು ಹಿಡಿಯುವುದಿಲ್ಲ. ಔಷಧ ಜಡ್ಡಿಗೆ, ಸೆಟ್ಟು ಕೆಲಸಕ್ಕೆ. ಗೋವಿನಜೋಳದ ಚೀಲ ಹೊರುವವರು, ಟ್ರ್ಯಾಕ್ಟರ್ ಹೊಡೆಯುವವರು, ಗಾರೆ ಕೆಲಸದವರು ಮೆಡಿಕಲ್ ಅಂಗಡಿಯ ಮುಂದೆ ನಿಂತು "ಒಂದ್ ಸೆಟ್ ಕೊಡ್ರಿ" ಎನ್ನುತ್ತಾರೆ. ಅಂಗಡಿಯವನು ಬೇರೆ ಬೇರೆ ಪಟ್ಟಿಗಳಿಂದ ಒಂದೊಂದು ಗುಳಿಗೆ ಕತ್ತರಿಸಿ, ಹಳೆಯ ಪತ್ರಿಕೆಯ ಚೂರಿನಲ್ಲಿ ಸುತ್ತಿ ಕೊಡುತ್ತಾನೆ. ಕತ್ತರಿಸಿದ ತುಂಡಿನ ಮೇಲೆ ಹೆಸರು ಉಳಿದಿರುವುದಿಲ್ಲ. ಚಹಾದ ಜೊತೆ ನುಂಗಿದರೆ ಸ್ವಲ್ಪ ಹೊತ್ತಿನಲ್ಲಿ ಮೈ ಹಗುರ. ಆ ದಿನ ಯಾವ ಊರಿನಲ್ಲಿದ್ದೆನೋ ಆ ಊರಿನ ಸೆಟ್ಟು ನನ್ನದಾಗಿತ್ತು.

"ಸೆಟ್‌ನ್ಯಾಗ ಏನೇನ್ ಇರ್ತೈತಿ?" ವೈದ್ಯೆ ಕೇಳಿದರು.

ಗೊತ್ತಿರಲಿಲ್ಲ.

"ಪೇಪರ್‌ನ್ಯಾಗ ಇರಾವ್ರು. ಕೇಳಿಲ್ಲ?"

ಅವರು ಹೇಳಿದ್ದನ್ನು ಇಲ್ಲಿ ಹಾಗೆಯೇ ದಾಖಲಿಸುತ್ತೇನೆ. ನೋವಿನ ಗುಳಿಗೆಗಳನ್ನು ಬಹಳ ದಿನ ಒಂದೇ ಸಮ ತಿಂದರೆ ಕೆಲವು ಗಂಡಸರಲ್ಲಿ ಹಾರ್ಮೋನು, ವೀರ್ಯಾಣುಗಳ ಮೇಲೆ ಪರಿಣಾಮ ಆಗಬಹುದು ಎಂಬ ಅನುಮಾನವಿದೆ, ಪೂರ್ತಿ ಸಾಬೀತಾಗಿಲ್ಲ. ಅಪರೂಪಕ್ಕೊಮ್ಮೆ ತಿಂದವರು ಹೆದರಬೇಕಾಗಿಲ್ಲ. ಅಫೀಮಿನ ಜಾತಿಗೆ ಸೇರಿದ ಬಲವಾದ ಗುಳಿಗೆಗಳು ಗಂಡಸಿನ ಹಾರ್ಮೋನನ್ನು ತಗ್ಗಿಸುವುದು ಮಾತ್ರ ಗೊತ್ತಿರುವ ಸಂಗತಿ. ಸ್ಟಿರಾಯ್ಡ್ ಬೆರೆಸಿ ಕೊಡುವವರೂ ಇದ್ದಾರೆ. ಇವೆರಡನ್ನೂ ದಿನಾ ತಿನ್ನುತ್ತಿದ್ದವರು ಒಮ್ಮೆಲೇ ಬಿಟ್ಟರೂ ತೊಂದರೆ.

"ಅದಕ್ಕ ಮೊದಲ ತಿಳ್ಕೊಂಡ್ ಬರ್ರಿ," ಎಂದರು. "ಆಮ್ಯಾಲ ಹೆಂಗ್ ಬಿಡೂದು ಅಂತ ಹೇಳ್ತೇನಿ. ಬಿಟ್ಟು ಮೂರು ತಿಂಗಳಾದ ಮ್ಯಾಲ ಮತ್ತ ಪರೀಕ್ಷಾ."

ಕೆಲಸ ಸುಲಭವೆಂದುಕೊಂಡೆ. ಮರುದಿನ ಬೆಳಿಗ್ಗೆ ಹಾನಗಲ್ಲಿನ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ವಯಸ್ಸಿನವನೇ, ವರ್ಷಗಳಿಂದ ನನ್ನನ್ನು ಬಲ್ಲವನು.

"ನನಗ ಕೊಡ್ತೀಯಲ್ಲ ಸೆಟ್ಟು, ಅದರಾಗ ಯಾವ್ಯಾವ ಗುಳಿಗಿ?" ಎಂದೆ.

ಅವನ ಮುಖ ಬದಲಾಯಿತು. "ಯಾವ ಸೆಟ್ ಅಣ್ಣಾರ? ನಮ್ಮಲ್ಲಿ ಚೀಟಿ ಇಲ್ಲದ ಒಂದ್ ಗುಳಿಗೀನೂ ಕೊಡಂಗಿಲ್ಲ."

"ಮೊನ್ನಿ ಕೊಟ್ಟಿಯಲ್ಲೋ."

"ಭಾರಿ ಚಾಲಾಕಿ ಅದೀರಿ. ಪೇಪರಿಗೆ ಬರ್ಯಾಕ ಬಂದೀರಿ ನೀವು."

ಶಿಗ್ಗಾಂವಿಯಲ್ಲಿ ಅಂಗಡಿಯವನು ನಾನು ಪ್ರಶ್ನೆ ಮುಗಿಸುವ ಮೊದಲೇ ಗಲ್ಲಾದ ಕೆಳಗಿಂದ 'ವೈದ್ಯರ ಚೀಟಿ ಕಡ್ಡಾಯ' ಎಂಬ ಫಲಕ ತೆಗೆದು, ಧೂಳು ಒರೆಸಿ, ನನಗೆ ಕಾಣುವಂತೆ ನಿಲ್ಲಿಸಿದ. ಅಬಲೂರಿನಲ್ಲಿ ಒಂದು ಸುದ್ದಿ ಮುಗಿಸಿಕೊಂಡು ಹಿರೇಕೆರೂರಿಗೆ ಹೋದಾಗ ಅಲ್ಲಿಯವನು ಕುರ್ಚಿ ಹಾಕಿಸಿ ಚಹಾ ತರಿಸಿದ. "ಕುಂದರ್ರಿ ಸರ್. ಹೆಸರ್ ಒಂದ್ ಹಾಕಬ್ಯಾಡ್ರಿ, ಉಳದದ್ದು ಏನರ ಬರೀರಿ" ಎಂದ. ಏನು ಬರೆಯಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಚಹಾ ಕುಡಿದು ಎದ್ದೆ.

ಮೂರು ಊರಿನಲ್ಲೂ ಒಂದೇ ತೊಡಕು. ಸುದ್ದಿಗೆ ಬಂದಿಲ್ಲ ಎಂದರೆ ನಂಬುತ್ತಿರಲಿಲ್ಲ. ನಂಬಬೇಕಾದರೆ ಯಾಕೆ ಬಂದೆನೆಂದು ಹೇಳಬೇಕಿತ್ತು. ವರದಿಯ ವಿಷಯ ಆವರೆಗೆ ಗೊತ್ತಿದ್ದದ್ದು ನನಗೆ, ಹೆಂಡತಿಗೆ, ವೈದ್ಯೆಗೆ. ಅವ್ವನಿಗೂ ಹೇಳಿರಲಿಲ್ಲ. ಅವಳು ಆಗಲೂ ಸೊಸೆಯನ್ನು ಪ್ರತಿ ಸೋಮವಾರ ನಸುಕಿನಲ್ಲಿ ಎಬ್ಬಿಸಿ ಉಪವಾಸ ಮಾಡಿಸುತ್ತಿದ್ದಳು. "ಹೊಲ ಚಲೋ ಇದ್ರ ಬೀಜ ತಾನ ಮೂಡತೈತಿ," ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು. ಹೆಂಡತಿ ಕಸ ಗುಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಬಾಯಿ ಬಿಟ್ಟರೆ ಮಾತು ಅಂಗಡಿಯಲ್ಲೇ ಉಳಿಯುವುದಿಲ್ಲ ಎಂಬುದು ನನ್ನ ಕಸುಬಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ವಾರ ಗುಳಿಗೆ ನುಂಗಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಕಿಸೆಯಲ್ಲಿ ಉಳಿದಿದ್ದವನ್ನು ಅರ್ಧ ಮುರಿದು ನುಂಗುತ್ತಿದ್ದೆ. ಯಾವುದರ ಅರ್ಧ ಎಂಬುದು ಗೊತ್ತಿರಲಿಲ್ಲ. ಕುಳಿತಲ್ಲಿ ಕೂರಲಾಗದೆ ಏಳುತ್ತಿದ್ದೆ, ನಿಂತರೆ ಕಾಲು ಬದಲಿಸುತ್ತಿದ್ದೆ. ಗೊಟಗೋಡಿಯ ಒಂದು ಕಾರ್ಯಕ್ರಮದಲ್ಲಿ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಪೂರ್ತಿ ನಿಂತೇ ಇದ್ದೆ. ಫೋಟೊ ತೆಗೆಯುವ ಗೆಳೆಯ ಬಂದು, "ಯಾಕಲೇ, ಕುರ್ಚಿ ಕಚ್ಚತೈತೇನು?" ಎಂದ. ಬೈಕ್ ಹತ್ತಿ ಹೊರಟೆ.

ಸವಣೂರಿನ ಅಂಗಡಿ ವೀಳ್ಯದೆಲೆ ಮಾರುವವರ ಸಾಲಿನ ಎದುರಿಗಿದೆ. ಗಲ್ಲಾದ ಮೇಲೆ ಅರವತ್ತು ದಾಟಿದ ಸಾಹೇಬರು. ನಾನು ಹೋದಾಗ ಎಲೆ ವ್ಯಾಪಾರಿಗಳು ಇಬ್ಬರು, ಮಗುವಿನ ಕೆಮ್ಮಿಗೆ ಔಷಧ ಕೇಳುತ್ತಿದ್ದ ಒಬ್ಬ ಹೆಣ್ಣುಮಗಳು ಅಲ್ಲಿದ್ದರು. ಅವರು ಹೋಗಲೆಂದು ಕಾದೆ. ಹೋಗಲಿಲ್ಲ. ಕೇಳಿದೆ. ಸಾಹೇಬರು ಉಳಿದವರಂತೆಯೇ ತಲೆಯಾಡಿಸಿದರು.

"ಅಂಥಾ ಧಂದೆ ನಮ್ದಲ್ರಿ. ಪೇಪರ್‌ನಾವ್ರು ಸುಮ್ನ ಬಡವರ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

"ಪೇಪರಿಗೆ ಅಲ್ರಿ ಸಾಹೇಬ್ರ," ಎಂದೆ. "ನನಗ ಮಕ್ಕಳಿಲ್ಲ. ಪರೀಕ್ಷಾ ಮಾಡಿಸೇನಿ. ಕಡಿಮಿ ಇರೂದು ನನ್ನ ಕಡೆ. ಡಾಕ್ಟರು ಯಾವ ಗುಳಿಗಿ ತಿಂದಿ ಅಂತ ಕೇಳ್ಯಾರ. ನನಗ ಗೊತ್ತಿಲ್ಲ. ನಿಮಗ ಗೊತ್ತೈತಿ."

ಎಲೆ ವ್ಯಾಪಾರಿಗಳಲ್ಲಿ ಒಬ್ಬ ಬೇರೆ ಕಡೆ ನೋಡಿದ. ಇನ್ನೊಬ್ಬ ನನ್ನನ್ನೇ ನೋಡಿದ. ಹೆಣ್ಣುಮಗಳು ಸೆರಗು ಎಳೆದುಕೊಂಡು ಬಾಟಲಿ ಹಿಡಿದು ಹೊರಟಳು.

ಸಾಹೇಬರು ಗಲ್ಲಾ ಬಿಟ್ಟು ಎದ್ದರು. ಆಮೇಲೆ ಡಬ್ಬಿಗಳಿಂದ ಪೂರ್ತಿ ಪಟ್ಟಿಗಳನ್ನು ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟರು. ಡೈಕ್ಲೊಫೆನಾಕ್. ಆಸಿಡಿಟಿಯದೊಂದು. ಮತ್ತೊಂದನ್ನು ಒಳಗಿನ ಕಪಾಟಿನಿಂದ ತಂದರು: ಟ್ರಮಡಾಲ್, ವೈದ್ಯೆ ಹೇಳಿದ ಅಫೀಮಿನ ಜಾತಿಯದು.

"ಇದು ನಿಮಗಷ್ಟ. ಎಲ್ಲಾರಿಗೂ ಹಾಕಂಗಿಲ್ಲ," ಎಂದರು. "ಭಾಳ ತ್ರಾಸ್ ಐತಿ, ಜೋರಂದು ಕೊಡ್ರಿ ಅಂತ ನೀವ ಅಂದಿದ್ರಿ."

ಅಂದಿದ್ದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ.

ಔಷಧ ಸರಬರಾಜು ಮಾಡುವ ಏಜೆಂಟನೂ ನನ್ನಂತೆ ಇದೇ ನಾಲ್ಕು ಊರು ತಿರುಗುತ್ತಾನೆ; ಸವಣೂರಿನ ಮಾತು ಅವನ ಜೊತೆಗೇ ಉಳಿದ ಊರು ಮುಟ್ಟಿತು. ಎರಡು ದಿನ ಕಳೆಯುವುದರೊಳಗೆ ಹಾನಗಲ್ಲಿನ ಅಂಗಡಿಯವನು ರಸ್ತೆಯ ಆಚೆಯಿಂದ ನನ್ನನ್ನು ಕೂಗಿ ಕರೆದ. "ಮೊದಲ ಹೇಳೂದಲ್ಲೇನ್ ಅಣ್ಣಾರ?" ಎಂದು ಹೆಸರು ಇದ್ದ ಖಾಲಿ ಪಟ್ಟಿಗಳನ್ನೇ ಕೈಗಿಟ್ಟ. ಉಳಿದಿಬ್ಬರೂ ಬಾಯಿ ಬಿಟ್ಟರು. ಶಿಗ್ಗಾಂವಿಯವನ ಸೆಟ್ಟಿನಲ್ಲಿ ಸ್ಟಿರಾಯ್ಡ್ ಇತ್ತು. ಹಿರೇಕೆರೂರಿನದು ಐಬುಪ್ರೊಫೆನ್, ಪ್ಯಾರಾಸಿಟಮಾಲ್.

ಹೆಂಡತಿಗೆ ಸುದ್ದಿ ಮುಟ್ಟಿದ್ದು ಸವಣೂರಿನಲ್ಲಿರುವ ಅವಳ ಅಕ್ಕನಿಂದ. ಸಂಜೆ ನಾನು ಬರುವಾಗ ಬಾಗಿಲಲ್ಲಿ ನಿಂತಿದ್ದಳು.

"ಅಂಗಡ್ಯಾಗ ಮಂದಿ ಮುಂದ ಹೇಳಿದ್ರಂತ?"

"ಹೇಳ್ದೆ. ನಿನಗ ಅವಮಾನ ಆತೇನು?"

"ನನಗ್ಯಾಕ?" ಎಂದಳು. "ಆರು ವರ್ಷ ನಾ ಹೊತ್ತೇನಿ. ಈಗೊಂದಿಷ್ಟು ನೀವ್ ಹೊರ್ರಿ. ಸೆಟ್ ಇಲ್ಲದ."

ಒಳಗಿದ್ದ ಅವ್ವನಿಗೆ ಈ ಮಾತು ಕೇಳಿಸಿತು. ಮುಂದಿನ ಸೋಮವಾರ ಅವಳು ಸೊಸೆಯನ್ನು ಉಪವಾಸಕ್ಕೆ ಎಬ್ಬಿಸಲಿಲ್ಲ. ನನಗೆ ಮಾತ್ರ, "ಬೈಕ್ ಬಿಟ್ಟು ಬಸ್ಸಿಗೆ ಹೋಗಾಕ ನಿನಗೇನ್ ಧಾಡಿ?" ಎಂದಳು.

ವೈದ್ಯೆ ಫೋಟೊಗಳನ್ನು ನೋಡಿ ಗುಳಿಗೆಗಳನ್ನು ಹಂತಹಂತವಾಗಿ ಇಳಿಸಿದರು. ಸೊಂಟಕ್ಕೆ ವ್ಯಾಯಾಮ ಹೇಳಿಕೊಟ್ಟರು. ಪೂರ್ತಿ ಬಿಟ್ಟ ಮೊದಲ ದಿನಗಳಲ್ಲಿ ಬೆವರು, ಆಕಳಿಕೆ, ಸಿಟ್ಟು. ಒಂದು ಸಾಲು ಟೈಪ್ ಮಾಡಿ ಎದ್ದು ಅಂಗಳಕ್ಕೆ ಹೋಗಿ ಮರಳಿ ಬಂದು ಇನ್ನೊಂದು ಸಾಲು. ಕಚೇರಿಯಿಂದ ಫೋನ್ ಬಂದರೆ ಓಡಾಡುತ್ತಲೇ ಮಾತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದೆ. ಕಂಡಕ್ಟರ್ ಮೊದಲು ಬೈದ, ಆಮೇಲೆ ಬಿಟ್ಟ.

ನನ್ನ ವಿಷಯ ಹರಡಿದ ಮೇಲೆ ನಿರೀಕ್ಷಿಸದ ಸಂಗತಿಯೊಂದು ನಡೆಯಿತು. ಹಿರೇಬೆಂಡಿಗೇರಿಯಲ್ಲಿ ವಿದ್ಯುತ್ ಸಮಸ್ಯೆಯ ಸುದ್ದಿಗೆ ಹೋದಾಗ ಒಬ್ಬ ಟ್ರ್ಯಾಕ್ಟರ್ ಚಾಲಕ ನನ್ನನ್ನು ಟ್ರಾಲಿಯ ಹಿಂದೆ ಕರೆದೊಯ್ದ. ಲಗ್ನವಾಗಿ ಎರಡು ವರ್ಷವಾಗಿತ್ತು ಅವನಿಗೆ, ಮಕ್ಕಳಾಗಿರಲಿಲ್ಲ.

"ಸರ್, ನಾನೂ ದಿನಾ ತಿಂತೇನ್ರಿ. ಅದರಿಂದನ ಆಗತೈತೇನ್ರಿ?"

"ಆಗಬಹುದು ಅಂತಾರ. ಆಗೇ ಆಗತೈತಿ ಅಂತ ಡಾಕ್ಟರೂ ಹೇಳಿಲ್ಲ. ನನಗ ಅದರಿಂದನ ಆತೋ ಏನೋ, ಅದೂ ಗೊತ್ತಿಲ್ಲ. ನೀ ಪರೀಕ್ಷಾ ಮಾಡಿಸು."

"ನಮ್ಮಾಕಿದು ಮಾಡ್ಸೇವ್ರಿ."

"ನಿಂದು ಮಾಡಿಸೋ ಮಾರಾಯಾ."

ಅವನು ನಕ್ಕ. ಕಿಸೆಯ ಮೇಲೆ ಕೈ ಇಟ್ಟುಕೊಂಡ. ಅಲ್ಲಿ ಸೆಟ್ಟಿನ ಕಾಗದದ ಸುರುಳಿಯೊಂದು ಇತ್ತು. ಹಾವೇರಿಯ ಪ್ರಯೋಗಾಲಯ ಯಾವ ಓಣಿಯಲ್ಲಿದೆ ಎಂದು ಕೇಳಿದ. ಹೇಳಿದೆ. ಅವನು ಹೋದನೋ ಇಲ್ಲವೋ ತಿಳಿದಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಎರಡನೆಯ ಪರೀಕ್ಷೆ ಆಯಿತು. ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು, ಚಲನೆ ಹಾಗೆಯೇ ಇತ್ತು. ಗುಳಿಗೆ ಬಿಟ್ಟದ್ದಕ್ಕೋ, ಬೈಕ್ ಬಿಟ್ಟದ್ದಕ್ಕೋ, ಎರಡಕ್ಕೋ ಹೇಳಲಾಗದು ಎಂದು ವೈದ್ಯೆ ಹೇಳಿದರು. ಮತ್ತೆ ಮೂರು ತಿಂಗಳು ಕಾಯಲು ಸೂಚಿಸಿದರು.

ಮೂರನೆಯ ಪರೀಕ್ಷೆ 2025ರ ಫೆಬ್ರುವರಿಯಲ್ಲಿ ನಡೆಯಿತು. ವರದಿ ತರಲು ಹೆಂಡತಿಯೇ ಒಳಗೆ ಹೋದಳು; ನಾನು ಹೊರಗೆ ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಸಂಖ್ಯೆ ಸಾಧಾರಣ ಮಿತಿಯ ಕೆಳಗಿನ ಗೆರೆಯನ್ನು ದಾಟಿತ್ತು. ಚಲನೆ ಇನ್ನೂ ಗೆರೆಯ ಕೆಳಗಿತ್ತು. ಇದನ್ನು ಬರೆಯುವ ಹೊತ್ತಿಗೆ ಅವಳು ಗರ್ಭಿಣಿಯಾಗಿಲ್ಲ.