ಮಾಕ್-ಸುನ್ ಅಕ್ಕ ತೆಗೆದ ಎದುರುಬದುರು

ಮಾಕ್-ಸುನ್ ಅಕ್ಕ ಯಂಗ್‌ದೊ ದ್ವೀಪದ ಹಡಗುಕಟ್ಟೆಯಲ್ಲಿ ಸುತ್ತಿಗೆ ಹಿಡಿದು ತುಕ್ಕು ಉದುರಿಸಿಯೇ ಬಾಳಿದವಳು. ಆ ಸದ್ದಿಗೆ ಕಿವಿ ಅರ್ಧ ಹೋಗಿದೆ. ಹಾಗಾಗಿ ಅವಳು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತದೆ. ಕೈ ಸೋತ ಮೇಲೆ ಸುಮ್ಮನೆ ಕೂರಬಾರದೇ? ಬಡಾವಣೆಯ ಸಿನಿಮಾ ತರಗತಿಗೆ ಸೇರಿದಳು. ಮೀನು ಮಾರಿಕೊಂಡಿದ್ದ ನನ್ನನ್ನೂ ಎಳೆದುಕೊಂಡು ಹೋದಳು.

ಮೊದಲ ಅಭ್ಯಾಸ ಸುಲಭದ್ದೇ. ಇಬ್ಬರು ಎದುರುಬದುರು ಕೂರಬೇಕು. ಒಬ್ಬ ‘ಊಟ ಆಯ್ತಾ’ ಅನ್ನಬೇಕು, ಇನ್ನೊಬ್ಬ ‘ಆಯ್ತು’ ಅನ್ನಬೇಕು. ಕ್ಯಾಮೆರಾದಲ್ಲಿ ಒಂದೊಂದೇ ಮುಖ ಬೇರೆ ಬೇರೆ ತೆಗೆದು ಜೋಡಿಸಿದಾಗ ಇಬ್ಬರ ನೋಟ ಕೂಡಬೇಕು. ಉಳಿದವರೆಲ್ಲ ನೆರೆಯವರನ್ನು ಕೂರಿಸಿ ಮುಗಿಸಿದರು. ಇವಳು ಗಂಡ ಛಿಲ್-ಬೊಂಗನನ್ನೂ ಮಗ ತೇ-ಗ್ಯುವನ್ನೂ ಕೂರಿಸಿದಳು. ಮಗ ಅಪ್ಪನ ರಿಪೇರಿ ಶೆಡ್ಡು ಬಿಟ್ಟು ಬಸ್ಸು ಓಡಿಸಲು ಹೋದಾಗಿನಿಂದ ಇಬ್ಬರೂ ಎಣ್ಣೆ-ಸೀಗೆಕಾಯಿ. ಒಂದು ಸಲವಾದರೂ ಅವರು ಮುಖ ನೋಡಿಕೊಳ್ಳಲಿ, ಅಷ್ಟೇ ಅವಳಿಗೆ ಬೇಕಿದ್ದದ್ದು.

ಮೈಕಿನ ಕೋಲು ಹಿಡಿದವಳು ನಾನು. ತೇ-ಗ್ಯು ಪ್ರತಿ ಸಲವೂ ಮೇಜಿನ ಮೇಲಿದ್ದ ಕಿಮ್ಚಿ ಉಪ್ಪಿನಕಾಯಿಯ ಬಟ್ಟಲಿಗೇ ‘ಆಯ್ತು’ ಅಂದ. ನಮ್ಮ ಮನೆಗಳಲ್ಲಿ ಅಪ್ಪನ ಕಣ್ಣಿಗೆ ಕಣ್ಣಿಟ್ಟ ಮಗ ಉದ್ಧಟ.

"ತಲೆ ಎತ್ತೋ," ಅಂದಳು ಅಕ್ಕ.

"ಎತ್ತಿದ್ರೆ ಅಪ್ಪ ‘ಏನೋ ಗುರಾಯಿಸ್ತೀಯಾ, ಕಣ್ಣು ಇಳಿಸು’ ಅಂತಿದ್ರಲ್ಲಮ್ಮ. ಕತ್ತೇ ಹಂಗೆ ಕೂತ್ಬಿಟ್ಟಿದೆ."



ತರಗತಿಯಲ್ಲಿ ಅಕ್ಕ ನಪಾಸು. ಮೇಷ್ಟ್ರು ಉಪಾಯ ಹೇಳಿಕೊಟ್ಟರು. ಎದುರಿಗೆ ಆಳೇ ಬೇಕಿಲ್ಲ, ಗೋಡೆಗೆ ಟೇಪಿನ ಚೂರು ಅಂಟಿಸಿ ಅದನ್ನೇ ನೋಡಿಸಿದರೆ ಸಾಕಂತೆ. ಅಕ್ಕ ಹಾಗೇ ಮಾಡಿದಳು. ಮಗ ಒಂದು ದಿನ ಬಂದು ಟೇಪು ನೋಡಿ ಹೋದ, ಅಪ್ಪನ ಸರದಿ ಇನ್ನೊಂದು ದಿನ. ಜೋಡಿಸಿ ಹಾಕಿದರೆ ಪರದೆಯ ಮೇಲೆ ಅಪ್ಪ ಮಗ ಕಣ್ತುಂಬ ನೋಡಿಕೊಂಡು ಮಾತಾಡುತ್ತಿದ್ದಾರೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲ ಗೊತ್ತಿದ್ದ ನಾನೂ ತಟ್ಟಿದೆ. ಅಕ್ಕ ಮಾತ್ರ ಮುಖ ಸಿಂಡರಿಸಿಕೊಂಡು ಕೂತಿದ್ದಳು. ಪಾಸಾಯಿತಲ್ಲ, ಇನ್ನೇನು ಬೇಕು ಎಂದು ರೇಗಿದೆ.

"ಅಷ್ಟು ಚೆಂದದ ನೋಟ ಗೋಡೆ ಪಾಲಾಯ್ತಲ್ಲೇ," ಅಂದಳು.

ಮುಂದಿನ ಭಾನುವಾರ ಮತ್ತೆ ಇಬ್ಬರನ್ನೂ ಮೇಜಿನ ಮುಂದೆ ಕೂರಿಸಿದಳು. ಈ ಸಲವೂ ಕೆಟ್ಟರೆ ತನ್ನನ್ನು ತರಗತಿಯಿಂದ ಓಡಿಸುತ್ತಾರೆ ಎಂದು ಹಸಿ ಸುಳ್ಳು ಹೇಳಿದಳು. ನಾನು ಕೋಲು ಹಿಡಿದು ಬಾಯಿ ಮುಚ್ಚಿಕೊಂಡೆ.

ಕ್ಯಾಮೆರಾ ಓಡಿತು. ತೇ-ಗ್ಯು ಉಸಿರೆಳೆದುಕೊಂಡು ಮೆಲ್ಲಗೆ ತಲೆ ಎತ್ತಿದ, ಅಪ್ಪನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮುದುಕ ಒಂದು ಗಳಿಗೆ ಆ ನೋಟ ತಡೆದುಕೊಂಡ. ಆಮೇಲೆ ಅವನ ಕಣ್ಣೇ ಕೆಳಗಿಳಿಯಿತು.

"ಊಟ ಆಯ್ತೇನೋ?" ತಲೆ ತಗ್ಗಿಸಿಕೊಂಡೇ ಕೇಳಿದ.

"ಇಲ್ಲಪ್ಪ," ಅಂದ ಮಗ.

ಓಡುತ್ತಿದ್ದ ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಅಕ್ಕ ಅನ್ನ ಬಡಿಸಲು ಎದ್ದಳು.