ಒಂದೇ ಕಂಪ್ಯೂಟರಿನಲ್ಲಿ ಅತ್ತೆ, ಸೊಸೆ ಮತ್ತು ನಾನು

ಹೋದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಪ್ರೇಮಾ ಕಂಪ್ಯೂಟರಿಗೆ ವಿಭೂತಿ ಹಚ್ಚಿದಳು. ಸಿಪಿಯು ನೆತ್ತಿಯ ಮೇಲೆ ಮೂರು ಬೆರಳಿನ ಪಟ್ಟೆ, ನೀಟಾಗಿ. ಆಮೇಲೆ ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ ಕೈ ಮುಗಿದು ನಿಂತಳು.

ಆಯುಧಪೂಜೆ ಕಳೆದು ತಿಂಗಳುಗಳೇ ಆಗಿದ್ದವು. ಹಾಗಾದರೆ ಇದೇನು?

"ನಿಮ್ ಸೊಸೆ ಇದರ ಒಳೀಕೆ ಕೈ ಆಕ್ತಾವ್ಳಲ್ಲ. ಅದ್ಕೆ ಮುಂಚೇನೇ ದೇವ್ರಿಗೊಂದು ಮಾತು ಯೋಳ್ಬುಡವ ಅಂತ" ಅಂದಳು.

("ನಿಮ್ ಸೊಸೆ" ಅಂದದ್ದನ್ನು ಗಮನಿಸಿ. ಬಸ್ಸಾರು ಚೆನ್ನಾಗಿ ಬಂದ ದಿನ ಅವಳು "ನನ್ ಸೊಸೆ". ಮಿಕ್ಕ ದಿನಗಳಲ್ಲಿ ನನ್ನ ತಲೆಗೆ.)

ಪೂಜೆ ಮುಗಿಸಿ ಪ್ರೇಮಾ ಕಂಪ್ಯೂಟರಿನ ಹಿಂದೆ ಬಗ್ಗಿ ಏನೋ ಮಾಡಿದಳು. ಆಮೇಲೆ ಒಳಕೋಣೆಗೆ ಹೋದಳು. ಬೀರುವಿನ ಬಾಗಿಲು ಕಿರ್ ಎಂದಿತು, ಬೀಗ ಬಿತ್ತು. ಏನಿಟ್ಟಳು ಅಂತ ನಾನು ಕೇಳಲಿಲ್ಲ. ಬೀರುವಿನ ವಿಷಯ ಕೇಳುವ ಧೈರ್ಯ ಮದುವೆಯಾದಾಗಿನಿಂದ ನನಗೆ ಬಂದಿಲ್ಲ. ನಿಮಗೆ ಬಂದಿದೆಯಾ?

ನಮ್ಮ ಮನೆ ಹುಣಸೂರಿನಲ್ಲಿ. ಬೀದಿ ಬದಿಯ ಕೋಣೆಯಲ್ಲಿ ಪ್ರೇಮಾಳ ಕಂಪ್ಯೂಟರ್ ಎಂಬ್ರಾಯಿಡರಿ ಅಂಗಡಿ. ಬ್ಲೌಸಿನ ಬೆನ್ನಿಗೆ, ತೋಳಿಗೆ ಡಿಸೈನ್ ಹಾಕುವ ಕೆಲಸ. ಮೊದಲು ಡಿಸೈನನ್ನು ಕಂಪ್ಯೂಟರಿನಲ್ಲಿ ಬಿಡಿಸಬೇಕು, ಆಮೇಲೆ ಪೆನ್‌ಡ್ರೈವಿನಲ್ಲಿ ತುಂಬಿ ಪಕ್ಕದ ಯಂತ್ರಕ್ಕೆ ಕೊಡಬೇಕು. ಅದು ಟಕಟಕ ಅಂತ ತಾನೇ ಹೊಲಿದು ಮುಗಿಸುತ್ತದೆ.

ನವಿಲು, ಮಾವಿನಕಾಯಿ, ಗಂಡಭೇರುಂಡ, ಭತ್ತದ ತೆನೆ. ಎಲ್ಲ ಅವಳೇ ಬಿಡಿಸಿದ್ದು. ಒಂದನ್ನೂ ಇನ್ನೊಬ್ಬರಿಂದ ಕದ್ದಿಲ್ಲ. ಕೆ.ಆರ್. ನಗರದಿಂದ, ಎಚ್.ಡಿ. ಕೋಟೆಯಿಂದ ಹೆಂಗಸರು ಬಸ್ ಹಿಡಿದು ಬರುತ್ತಾರೆ. ಒಮ್ಮೆ ಬೈಲಕುಪ್ಪೆಯ ಟಿಬೆಟನ್ ಹೆಂಗಸೊಬ್ಬರು ದಿಂಬಿನ ಕವರಿಗೆ ಡ್ರ್ಯಾಗನ್ ಬೇಕು ಅಂತ ಚಿತ್ರ ತಂದಿದ್ದರು. "ಆವಿಗೆ ಕಾಲ್ ಯಾಕಕ್ಕ?" ಅಂತ ಪ್ರೇಮಾ ಕೇಳಿದ್ದಕ್ಕೆ ಅವರು ಅಚ್ಚ ಕನ್ನಡದಲ್ಲಿ, "ಹಾವಲ್ಲ ಕಣಮ್ಮ, ಮಳೆ ತರೋ ದೇವ್ರು" ಅಂದರು. ಮಳೆ ಅಂದದ್ದೇ ತಡ, ಪ್ರೇಮಾ ಅದರ ಬಾಲಕ್ಕೆ ಮೋಡವನ್ನೂ ಬಿಡಿಸಿಕೊಟ್ಟಳು. ಆಕೆ ಮುಂದಿನ ವಾರವೇ ಇನ್ನೊಂದಿಷ್ಟು ದಿಂಬು ಹೊತ್ತುಕೊಂಡು ಬಂದರು.

ಇಷ್ಟೆಲ್ಲ ಇರುವುದು ಒಂದು ಹಳೇ ಸಾಫ್ಟ್‌ವೇರಿನಲ್ಲಿ. ಅದು ಹಳೇ ವಿಂಡೋಸ್ ಬಿಟ್ಟರೆ ಬೇರೆಲ್ಲೂ ಕಣ್ಣು ಬಿಡುವುದಿಲ್ಲ. ಮಾರಿದ ಅಂಗಡಿಯವನು ಬಾಗಿಲು ಹಾಕಿಕೊಂಡು ಯಾವುದೋ ಕಾಲವಾಯಿತು. ಹಾಗಾಗಿ ಆ ಕಂಪ್ಯೂಟರನ್ನು ಯಾರೂ ಮುಟ್ಟುವಂತಿಲ್ಲ, ಇಂಟರ್ನೆಟ್ ಹಾಕುವಂತಿಲ್ಲ. ಒಟ್ಟಿನಲ್ಲಿ ಮಡಿ.

ಅಂಥ ಮನೆಗೆ ಹೋದ ವರ್ಷ ಸೊಸೆಯಾಗಿ ಬಂದವಳು ರಮ್ಯಾ. (ಮಗ ಕೆಲಸದ ಊರಿನಲ್ಲಿ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ.) ಮಿರ್ಲೆಯವಳು, ಬಿಸಿಎ ಓದಿದವಳು. ಮಾತು ಕಡಿಮೆ. ಈಗ ಬಿಳಿಕೆರೆ ಕಡೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸ ಸಿಕ್ಕಿದೆ. ಆ ಶಾಲೆಯ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ. ಮನೆಯಲ್ಲೂ ಅದೇ ಇದ್ದರೆ ಮರುದಿನದ ಪಾಠವನ್ನು ಹಿಂದಿನ ಸಂಜೆಯೇ ಮಾಡಿ ನೋಡಿಕೊಳ್ಳಬಹುದು ಅಂತ ಅವಳ ಆಸೆ.

ನನಗೂ ಒಂದು ಆಸೆಯಿತ್ತು. ಈ ಅಂಕಣವನ್ನು ನಾನು ಕೈಯಲ್ಲಿ ಬರೆದು, ಫೋಟೋ ಹೊಡೆದು ಕಳಿಸುತ್ತಿದ್ದೆ. "ಸಾರ್, ನಿಮ್ಮ ಅಕ್ಷರ ಡಾಕ್ಟರ್ ಚೀಟಿ ಥರ ಇದೆ" ಅಂತ ಪತ್ರಿಕೆಯ ಹುಡುಗಿ ಫೋನಿನಲ್ಲಿ ನಯವಾಗಿ ಉಗಿದಿದ್ದಳು. ಕನ್ನಡದಲ್ಲಿ ಟೈಪ್ ಮಾಡಿ, ಮೇಲ್ ಮಾಡಬೇಕಿತ್ತು. ಪ್ರೇಮಾಳ ಹಳೇ ವಿಂಡೋಸಿಗೆ ಮೇಲ್ ಅಂದರೆ ಏನೆಂದೇ ಮರೆತುಹೋಗಿದೆ.

"ಇನ್ನೊಂದು ಕಂಪ್ಯೂಟರ್ ತಂದ್ಬಿಡೋಣ" ಅಂದೆ, ಯಜಮಾನನ ಗತ್ತಿನಲ್ಲಿ.

"ಎಲ್ಲಿ ಮಡಗೋದು, ನಿಮ್ ತಲೆ ಮ್ಯಾಲಾ?" ಅಂದಳು ಪ್ರೇಮಾ.

"ಸುಮ್ನೆ ಯಾಕ್ ಮಾವ ದಂಡ?" ಅಂದಳು ರಮ್ಯಾ.

ಇಬ್ಬರೂ ಒಂದೇ ಕಡೆ ನಿಂತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಆಗ ರಮ್ಯಾ ಹೇಳಿದಳು: ಇರುವ ಒಂದರಲ್ಲೇ ಮೂರು ಆಪರೇಟಿಂಗ್ ಸಿಸ್ಟಂ ಹಾಕಬಹುದು. ಅತ್ತೆಯದು ಇದ್ದ ಹಾಗೇ ಇರುತ್ತದೆ. ಪಕ್ಕದ ಖಾಲಿ ಜಾಗದಲ್ಲಿ ಎರಡು ಪಾಲು ಮಾಡಿ ಒಂದಕ್ಕೆ ಶಾಲೆಯ ಲಿನಕ್ಸ್, ಇನ್ನೊಂದಕ್ಕೆ ಮಾವನಿಗೆ ದೊಡ್ಡ ಅಕ್ಷರದ, ಕನ್ನಡ ಟೈಪಿಂಗ್ ಇರುವ ಇನ್ನೊಂದು ಬಗೆಯ ಲಿನಕ್ಸ್. ಆನ್ ಮಾಡಿದಾಗ ಯಾರದು ಬೇಕು ಅಂತ ಅದೇ ಕೇಳುತ್ತದೆ.

ಪ್ರೇಮಾ ಹುಬ್ಬು ಗಂಟಿಕ್ಕಿದಳು. "ಮೂರೂ ಒಟ್ಟಿಗೇ ನಡೀತವಾ?"

"ಇಲ್ಲ ಅತ್ತೆ. ಒಂದ್ಸಲಕ್ಕೆ ಒಂದೇ."

"ಅಂಗನ್ನು. ಹೊಗೆಸೊಪ್ಪು ಮುರ್ದಾದ್ಮೇಲೆ ಅದೇ ಹೊಲ್ದಲ್ಲಿ ರಾಗಿ ಆಕಲ್ವಾ, ಅಂಗೆ."

"ಅಂಗೇ ಕಣತ್ತೆ!" ರಮ್ಯಾಳ ಮುಖ ಅರಳಿತು. "ಆದ್ರೆ ಇಲ್ಲಿ ರಾಗಿ ಬೇಕು ಅಂದ್ರೆ ಹೊಗೆಸೊಪ್ಪು ಮುರಿಯೋಗಂಟ ಕಾಯ್ಬೇಕಾಗಿಲ್ಲ."

ಆಪರೇಟಿಂಗ್ ಸಿಸ್ಟಂ ಅಂದರೆ ಏನು ಅಂತ ನಾನು ಇದಕ್ಕೆ ಮುಂಚೆ ಎರಡು ಲೇಖನ ಓದಿದ್ದೆ, ಒಂದು ವಿಡಿಯೋ ನೋಡಿದ್ದೆ. ತಲೆಗೆ ಹೋಗಿರಲಿಲ್ಲ. ಹೊಲ ಅಂದ ಕೂಡಲೇ ಅರ್ಥವಾಯಿತು.

ಆದರೂ ಪ್ರೇಮಾಳಿಗೆ ಭಯ. ಅದು ನ್ಯಾಯವೇ. ಬುಧವಾರ ಪಿರಿಯಾಪಟ್ಟಣದ ಮದುವೆ ಮನೆಗೆ ಬ್ಲೌಸ್ ಕೊಡಬೇಕಿತ್ತು. ಮದುಮಗಳ ಬೆನ್ನಿನ ಮೇಲೆ ಜೋಡಿ ನವಿಲು, ನಡುವೆ ಗಂಡು-ಹೆಣ್ಣಿನ ಹೆಸರು. ನವಿಲು ಬಿಡಿಸಿಯಾಗಿತ್ತು, ಹೆಸರು ಕೂರಿಸುವುದು ಬಾಕಿ. ಕಂಪ್ಯೂಟರ್ ಕೈ ಕೊಟ್ಟರೆ ಮದುವೆ ಮನೆ ಕೆಲಸ ಮಾತ್ರ ಅಲ್ಲ, ಅವಳ ಅಷ್ಟು ವರ್ಷದ ಕಲೆ, ಅವಳು ತಾನಾಗಿ ಸಂಪಾದಿಸಿದ ಹೆಸರು, ಎಲ್ಲಕ್ಕೂ ಬೀಗ. ಈ ಕಾಲದ ಮಕ್ಕಳ ಕೈಗೆ ಅದನ್ನು ಕೊಡುವುದು ಹುಡುಗಾಟವಾ?

ರಮ್ಯಾ ಹುಡುಗಾಟ ಮಾಡಲಿಲ್ಲ. ಶಾಲೆಯಲ್ಲಿ ಮೂಲೆಗೆ ತಳ್ಳಿದ್ದ ಕಂಪ್ಯೂಟರೊಂದರ ಮೇಲೆ ಮೊದಲು ಇಡೀ ಕೆಲಸವನ್ನು ಮಾಡಿ ನೋಡಿದಳು. ಕೆಡಿಸಿದಳು. ಮತ್ತೆ ಮಾಡಿದಳು. ಅತ್ತೆಯ ಡಿಸೈನ್‌ಗಳನ್ನೆಲ್ಲ ಎರಡು ಕಡೆ ಕಾಪಿ ಮಾಡಿಟ್ಟಳು. "ಮುಟ್ಟೋಕೆ ಮುಂಚೆ ಉಳಿಸ್ಕೊಂಡಿರ್ಬೇಕು ಮಾವ" ಅಂದಳು. ನಾವು ಎಷ್ಟು ವಿಷಯದಲ್ಲಿ ಹೀಗೆ ಮಾಡುತ್ತೇವೆ ಹೇಳಿ? ಮೊದಲು ಮುಟ್ಟುತ್ತೇವೆ, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ.

ವಿಭೂತಿ ಆಯಿತು, ಕೆಲಸ ಶುರುವಾಯಿತು. ಪರದೆ ಕಪ್ಪಾಯಿತು. ಬಿಳಿ ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದವು. ಪ್ರೇಮಾ ಬಾಗಿಲ ಬಳಿ ನಿಂತು ಅವರೆಕಾಯಿ ಸುಲಿಯುತ್ತಿದ್ದಳು, ಕಣ್ಣೆಲ್ಲ ಇತ್ತ. ಕಾಳು ಸಿಪ್ಪೆಯ ಮೊರಕ್ಕೆ, ಸಿಪ್ಪೆ ಕಾಳಿನ ಪಾತ್ರೆಗೆ ಬೀಳುತ್ತಿತ್ತು. (ನಾನು ಹೇಳಲಿಲ್ಲ. ಹೇಳುವ ಸಮಯವೂ ಅಲ್ಲ.)

ಕೊನೆಗೆ ಕಂಪ್ಯೂಟರ್ ಆಫ್ ಆಗಿ ಆನ್ ಆಯಿತು. ಪರದೆಯ ಮೇಲೆ ಮೂರು ಸಾಲು ಮೂಡಿದವು. ಇಂಗ್ಲಿಷ್ ಅಕ್ಷರದಲ್ಲಿ, ಒಂದರ ಕೆಳಗೊಂದು: ಅತ್ತೆ. ಸೊಸೆ. ಮಾವ.

"ಬಾಣದ ಗುರ್ತು ಒತ್ತಿ ಬೇಕಾದೋರು ಬೇಕಾದ್ದು ತಗೋಬೋದು. ಯಾರೂ ಏನೂ ಒತ್ದೆ ಸುಮ್ನಿದ್ರೆ ಮೊದಲ್ನೇದು ತಾನಾಗೇ ಓಪನ್ ಆಯ್ತದೆ" ಅಂದಳು ರಮ್ಯಾ.

ಪ್ರೇಮಾಳ ಮುಖದ ಮೇಲೆ ಕಂಡೂ ಕಾಣದ ಒಂದು ನಗು. ನಮ್ಮ ಕಡೆ ಹೆಸರಿನ ಸಾಲು ಅಂದರೆ ತಮಾಷೆಯಲ್ಲ. ನಮ್ಮ ಮಗನ ಮದುವೆಯ ಕಾರ್ಡಿನಲ್ಲಿ ತನ್ನ ಹೆಸರು ಷಡ್ಡಕನ ಹೆಸರಿನ ಕೆಳಗೆ ಬಂತು ಅಂತ ನಮ್ಮ ನೆಂಟರೊಬ್ಬರು ಊಟಕ್ಕೇ ಕೂರಲಿಲ್ಲ. ಪಾಯಸದ ಹೊತ್ತಿಗೆ ಹೇಗೋ ಸಮಾಧಾನವಾದರು ಅನ್ನಿ. ಅಂಥ ಸೀಮೆಯಲ್ಲಿ ಸೊಸೆ ಅತ್ತೆಯ ಹೆಸರನ್ನು ಮೇಲೆ ಹಾಕಿದ್ದಳು. ಮನೆಯ ಯಜಮಾನ ಮೂರನೇ ಸಾಲಿನಲ್ಲಿದ್ದ. ಅದರ ಬಗ್ಗೆ ಯಾರೂ ಚರ್ಚೆ ಮಾಡಲಿಲ್ಲ.

ಪ್ರೇಮಾ ಕುರ್ಚಿಯಲ್ಲಿ ಕೂತಳು. ಅವಳ ಹಳೇ ವಿಂಡೋಸ್ ತೆರೆದುಕೊಂಡಿತು, ಪರದೆಯಲ್ಲಿ ಎಂದಿನ ಅದೇ ನವಿಲಿನ ಚಿತ್ರ. "ಅಬ್ಬ" ಅಂದಳು. ಎಂಬ್ರಾಯಿಡರಿ ಸಾಫ್ಟ್‌ವೇರ್ ಒತ್ತಿದಳು.

ತೆರೆಯಲಿಲ್ಲ. ಕೆಂಪು ಗುರುತಿನ ಒಂದು ಪೆಟ್ಟಿಗೆ ಬಂತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ.

"ಏನ್ ಮಾಡ್ಬುಟ್ಟೆ ತಾಯಿ?" ಪ್ರೇಮಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನಾನು ಬ್ಯಾಡ ಬ್ಯಾಡ ಅಂದೆ. ಇದ್ದಂಗೇ ಇರ್ತದೆ ಅಂದ್ಯಲ್ಲ? ಎಲ್ಲ ಒಂಟೋಯ್ತಲ್ಲ!"

"ಡಿಸೈನ್ ಎಲ್ಲಾ ಅವೆ ಅತ್ತೆ, ಕಾಪಿನೂ ಐತೆ…"

"ತೆಗ್ಯೋ ಸಾಫ್ಟ್‌ವೇರೇ ತೆಗೀದಿದ್ಮೇಲೆ ಕಾಪಿ ಇಟ್ಕೊಂಡು ಉಪ್ಪಿನಕಾಯಿ ಆಕ್ಲಾ?"

ಆಮೇಲೆ ಬಂದದ್ದೆಲ್ಲ ಬರೆಯುವುದಿಲ್ಲ. ಓದಿದವರ ಅಹಂಕಾರ, ಮಿರ್ಲೆಯವರ ಮೊಂಡುತನ, ನನ್ನ ಬಾಯಿ ಸತ್ತ ಸ್ವಭಾವ, ಎಲ್ಲ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅವತ್ತಿನದು ಪೂರ್ತಿ ಅತ್ತೆಯ ಕಾಲ. ರಮ್ಯಾಳ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅವಳ ಪರವಾಗಿ ಒಂದು ಮಾತಾಡಬೇಕು ಅನ್ನಿಸಿತು. ಆದರೆ ನನಗೂ ಒಳಗೊಳಗೇ ಅನುಮಾನ, ಏನಾದರೂ ಕೆಟ್ಟೇ ಹೋಯಿತಾ?

ಆ ಹುಡುಗಿಯನ್ನು ನಾನು ಮೆಚ್ಚಿದ್ದು ಈಗ. ಎದುರು ಮಾತಾಡಲಿಲ್ಲ. ಎದ್ದು ಹೋಗಲೂ ಇಲ್ಲ. ಸೆರಗಿಲ್ಲದ ಚೂಡಿದಾರದ ತೋಳಿನಲ್ಲೇ ಕಣ್ಣೊರೆಸಿಕೊಂಡು, ಪೆಟ್ಟಿಗೆಯಲ್ಲಿ ಬರೆದದ್ದನ್ನು ಮತ್ತೆ ಓದಿದಳು. ಏನನ್ನೋ ಹುಡುಕಿದೆ, ಸಿಗುತ್ತಿಲ್ಲ ಅಂತಿತ್ತು. ಮೊಬೈಲ್ ಟಾರ್ಚ್ ಹಾಕಿಕೊಂಡು ಮೇಜಿನ ಕೆಳಗೆ ನುಸುಳಿ, ಸಿಪಿಯು ಹಿಂಭಾಗಕ್ಕೆ ಮುಖ ಕೊಟ್ಟು ಕೂತಳು.

ಪ್ರೇಮಾ ಬೈಯುತ್ತಲೇ ಇದ್ದಳು.

ಮೇಜಿನ ಕೆಳಗಿನಿಂದ ಮೆಲ್ಲಗೆ ದನಿ ಬಂತು. "ಅತ್ತೆ, ಇಲ್ಲೆಲ್ಲ ಬೆರಳುದ್ದ ಧೂಳೈತೆ. ಈ ಒಂದು ತೂತಿನ ಸುತ್ತ ಮಾತ್ರ ಇಲ್ಲ. ಇಲ್ಲಿ ಏನೋ ಸಿಗ್ಸಿತ್ತು. ಯಾರೋ ಈಗ ತೆಗ್ದವ್ರೆ."

ಬೈಗುಳ ಅರ್ಧಕ್ಕೇ ನಿಂತಿತು.

ಪ್ರೇಮಾ ಒಳಗೆ ಹೋದಳು. ಬೀರುವಿನ ಬಾಗಿಲು ಕಿರ್ ಎಂದಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಕಿವಿಯೋಲೆ ಇಡುವ ಚಿಕ್ಕ ಕೆಂಪು ಚೀಲ. ಅದರೊಳಗಿಂದ ಪೆನ್‌ಡ್ರೈವಿನಂಥ ಒಂದು ಹಸಿರು ತುಂಡು ಹೊರಬಂತು.

ಡಾಂಗಲ್ ಅನ್ನುತ್ತಾರಂತೆ. ಅದು ಸಿಕ್ಕಿಸಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುವುದು. "ಇದು ಕಳೆದರೆ ಇನ್ನೊಂದು ಸಿಗಲ್ಲ ಕಣಮ್ಮ" ಅಂತ ಮಾರಿದವನು ಅವತ್ತು ಹೆದರಿಸಿದ್ದ. ಸೊಸೆ ಕೈ ಹಾಕುವಾಗ ಎಲ್ಲಿ ಹಾಳಾಗುತ್ತದೋ ಅಂತ ಪ್ರೇಮಾ ಅದನ್ನು ಚಿನ್ನದ ಜೊತೆ ಬೀಗ ಹಾಕಿಟ್ಟಿದ್ದಳು. ಆಮೇಲೆ ಹೆದರಿಕೆಯಲ್ಲಿ ಮರೆತೇಬಿಟ್ಟಿದ್ದಳು. ಬೆಲೆ ಬಾಳುವುದನ್ನು ಬೀರುವಿನಲ್ಲಿಡದೆ ಇನ್ನೆಲ್ಲಿಡುತ್ತಾರೆ, ನೀವೇ ಹೇಳಿ.

ರಮ್ಯಾ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಸಿಕ್ಕಿಸಿದಳು. ಸಾಫ್ಟ್‌ವೇರ್ ತೆರೆಯಿತು. ಜೋಡಿ ನವಿಲು ಎಲ್ಲಿದ್ದವೋ ಅಲ್ಲೇ ಕೂತಿದ್ದವು.

ಈಗ ಇದು ಸೊಸೆಯ ಕಾಲ, ಅಲ್ಲವಾ? ಒಂದು ಮಾತು ಎಸೆಯಬಹುದಿತ್ತು. ನಾನಾಗಿದ್ದರೆ ಖಂಡಿತ ಎಸೆಯುತ್ತಿದ್ದೆ, ಒಂದು ವಾರ ಎಸೆಯುತ್ತಿದ್ದೆ. ಅವಳು "ಸದ್ಯ, ನೀವು ಜೋಪಾನ್ವಾಗಿ ಮಡಗಿದ್ರಿ ಅತ್ತೆ" ಅಂದಳು. ಅಷ್ಟೇ.

ಪ್ರೇಮಾ ಅಡುಗೆಮನೆಗೆ ಹೋದಳು. ಮಧ್ಯಾಹ್ನ ಅವರೆಕಾಳು ಸಾರಿಗೆ ಬಿಸಿ ಮುದ್ದೆ. ರಮ್ಯಾಳ ತಟ್ಟೆಯಲ್ಲಿ ತುಪ್ಪ ಮುದ್ದೆ ಬಿಟ್ಟು ಹೊರಗೂ ಹರಿಯುತ್ತಿತ್ತು. ನನ್ನ ತಟ್ಟೆಯಲ್ಲಿ ಹುಡುಕಬೇಕಿತ್ತು. ಕ್ಷಮಿಸು ಅನ್ನುವ ಮಾತು ನಮ್ಮ ಕಡೆ ಅತ್ತೆಯರ ಬಾಯಿಗೆ ಬರುವುದಿಲ್ಲ, ಸೌಟಿಗೆ ಬರುತ್ತದೆ.

ಮೂವರ ಲೋಕವೂ ಆ ಒಂದು ಡಬ್ಬದಲ್ಲಿ ಇರುವುದನ್ನು ನೋಡಿದಾಗಲೆಲ್ಲ ನನಗೆ ಈಗಲೂ ಆಶ್ಚರ್ಯ. ನಮ್ಮ ಬೀದಿಯಲ್ಲೇ ಪಾಲಾದ ಮನೆಗಳಿವೆ. ನಡುಮನೆಗೆ ಗೋಡೆ ಎಬ್ಬಿಸಿ, ಕಿಟಕಿಯನ್ನೂ ಅರ್ಧರ್ಧ ಮಾಡಿಕೊಂಡವರಿದ್ದಾರೆ. ಇಲ್ಲಿ ಪಾಲಾಗಿದೆ, ಗೋಡೆ ಕಾಣುವುದಿಲ್ಲ. ನಾನು ಇದನ್ನು ಟೈಪ್ ಮಾಡುವಾಗ ಪ್ರೇಮಾಳ ನವಿಲುಗಳು ಪಕ್ಕದಲ್ಲೇ ನಿದ್ದೆ ಮಾಡುತ್ತಿವೆ. ಒಂದು ಗರಿಯೂ ಕದಲಿಲ್ಲ.

ಬ್ಲೌಸ್ ಬುಧವಾರ ಪಿರಿಯಾಪಟ್ಟಣಕ್ಕೆ ಹೋಯಿತು. ಗುರುವಾರ ಬೆಳಿಗ್ಗೆ ರಮ್ಯಾ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ, ಪಾಠ ಇನ್ನೊಮ್ಮೆ ನೋಡಲು ಕಂಪ್ಯೂಟರ್ ಆನ್ ಮಾಡಿ ಜಡೆ ಹಾಕಿಕೊಳ್ಳುತ್ತಿದ್ದಳು. ಬಾಣ ಒತ್ತುವುದು ಮರೆತದ್ದರಿಂದ ಅತ್ತೆಯದೇ ತೆರೆದುಕೊಂಡಿತು. ಆಫ್ ಮಾಡಿ ಮತ್ತೆ ಆನ್ ಮಾಡುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಪ್ರೇಮಾ ಇದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಸಂಜೆ ಕರೆದು ಹೇಳಿದಳು: "ನಿನ್ ಎಸ್ರು ಮ್ಯಾಲಾಕ್ಕೊ ಕಣವ್ವ."

"ಅಯ್ಯೋ ಬ್ಯಾಡ ಅತ್ತೆ! ನಿಮ್ದೇ ಇರ್ಲಿ ಬುಡಿ."

"ಬೆಳಿಗ್ಗೆ ಓಡೋಳು ನೀನು. ನಂಗೇನವಸ್ರ, ಬಾಣ ಒತ್ಕೋತೀನಿ. ಮಾಡು ಅಂದ್ರೆ ಮಾಡು."

"ಆಗಲ್ಲ ಅಂದ್ರೆ ಆಗಲ್ಲ ಅತ್ತೆ. ದೊಡ್ಡೋರ ಎಸ್ರು ಕೆಳೀಕೆ ಆಕೋದಾ?"

ದನಿ ಏರಿತು. ಬಾಗಿಲು ಬಡಿಯಿತು. ಆಚೆ ಮನೆಯವರು ಕಿಟಕಿ ತೆಗೆದು ಇಣುಕಿದರು. ಮೂರು ದಿನವಾಯಿತು, ಇನ್ನೂ ಇತ್ಯರ್ಥವಾಗಿಲ್ಲ. ಮೂರನೇ ಸಾಲಿನಲ್ಲಿ ಕೂತು ಕೇಳುತ್ತಿದ್ದೇನೆ: ನೀನೇ ಮೇಲಿರು ಅಂತ ಜಗಳ ಆಡುವ ಅತ್ತೆ-ಸೊಸೆಗೆ ನ್ಯಾಯ ಹೇಳಲು ಯಾರನ್ನು ಕರೆಯಲಿ?