ಅಳತೆ ತಪ್ಪಿಸಿಕೊಂಡ ಗಾಳಿ

ಗಾಳಿ, ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಬಾಯಿಗೆ ಅಂಗೈ ಅಡ್ಡ ಹಿಡಿದು ಎಂಜಿನ್ನಿನ ಕಾಯಿಲೆ ಹೇಳುವುದು ನನಗೆ ಭಾವ ಕಲಿಸಿದ ವಿದ್ಯೆ. ಗಾಳಿ ತಡೆದರೆ ಎಂಜಿನ್ ಪೆಟ್ರೋಲನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಆಗ ಸದ್ದು ಚುರುಕಾದರೆ, ಅಲ್ಲಿಯವರೆಗೆ ಪೆಟ್ರೋಲು ಸಾಲುತ್ತಿರಲಿಲ್ಲವೆಂದು ಅರ್ಥ. ಶಿರಾದ ಹೆದ್ದಾರಿ ಪಕ್ಕದ ನಮ್ಮ ಗ್ಯಾರೇಜಿನಲ್ಲಿ ಈ ಅಂಗೈ ನನಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅದರ ಜಂಬವೂ ಸಾಕಷ್ಟಿತ್ತು.

ಎಂಬತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ ಹೊರದೇಶದ ಕಾರೊಂದು ಏದುಸಿರು ಬಿಡುತ್ತಾ ಬಂದು ನಿಂತಿತು. ಸಂಜೆಯೊಳಗೆ ಕಾರು ಬೆಂಗಳೂರು ಸೇರಬೇಕು, ಅದಕ್ಕೇನಾದರೂ ಆದರೆ ಕೆಲಸ ಬಿಟ್ಟು ಹೋಗು ಎಂದು ಮಾಲೀಕರು ಹೇಳಿದ್ದಾರೆಂದು ಡ್ರೈವರ್ ಬೆವರೊರೆಸಿಕೊಂಡ. ಕಾರ್ಬುರೇಟರ್ ಹುಡುಕಿದರೆ ಇಲ್ಲವೇ ಇಲ್ಲ. ಒಳಬರುವ ಗಾಳಿಯನ್ನು ಒಂದು ಡಬ್ಬಿ ಅಳೆಯುತ್ತದೆ, ಆ ಲೆಕ್ಕ ನೋಡಿ ಕಂಪ್ಯೂಟರು ಪೆಟ್ರೋಲು ಚಿಮ್ಮಿಸುತ್ತದೆ ಎಂದು ಅವನು ತನಗೆ ತಿಳಿದಷ್ಟು ವಿವರಿಸಿದ. ನಾನು ಕಿವಿಗೆ ಹಾಕಿಕೊಳ್ಳದೆ ಗಾಳಿ ಹೋಗುವ ಬಾಯಿಗೆ ಅಂಗೈ ಹಿಡಿದೆ. ಎಂಜಿನ್ ನಿಂತಿತು. ಮತ್ತೆ ಹಿಡಿದೆ, ಮತ್ತೆ ನಿಂತಿತು. ಗಾಳಿ ಕಡಿಮೆಯಾದರೆ ಪೆಟ್ರೋಲನ್ನೂ ಕಡಿಮೆ ಮಾಡುವ ಯಂತ್ರ ಅದು. ಅಂಗೈಗೆ ಅದು ಏನನ್ನೂ ಹೇಳಲಿಲ್ಲ.

ಸುತ್ತ ಜನ ಸೇರಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ ಡ್ರೈವರ್ ಎದುರಂಗಡಿಯಲ್ಲಿ ಬುಕ್ ಮಾಡಿದ್ದ ಟ್ರಂಕ್ ಕಾಲ್ ಸಿಕ್ಕಿತು. ಮೆಕ್ಯಾನಿಕ್ಕಿಗೆ ಕೊಡು ಎಂದರಂತೆ ಮಾಲೀಕರು. ಅವನು ನನ್ನನ್ನು ಅಂಗಡಿಗೆ ಕರೆದು, ಫೋನು ಕೈಗಿಟ್ಟು ಕಾರಿನ ಹತ್ತಿರ ಓಡಿದ.

"ನಿಮ್ ಡ್ರೈವರೇ ಏನೋ ಕೈಯಾಡ್ಸಿ ಕೆಡ್ಸವ್ನೆ ಸಾರ್" ಅಂದೆ. ಅತ್ತ ಫೋನು ಇಟ್ಟ ಸದ್ದು ಕೇಳಿಸಿತು.

ವಾಪಸು ಬಂದಾಗ ಭಾವ ಎಂಜಿನ್ನಿನ ಮೇಲೆ ಬಗ್ಗಿ ಕಿವಿಗೊಟ್ಟಿದ್ದ.

"ಲೇ, ಆ ಡಬ್ಬಿ ಅಳ್ದಾದ್ಮ್ಯಾಲೆ ಬ್ಯಾರೆ ಗಾಳಿ ನುಗ್ತಾ ಐತೆ ಕಣ್ಲಾ. ಕಿವಿ ಕೊಟ್ಟು ಕೇಳು."

ನಿಜ. ಡಬ್ಬಿಯಾಚೆಯ ರಬ್ಬರ್ ಪೈಪು ಮಡಿಕೆಯಲ್ಲಿ ಬಿರಿದಿತ್ತು. ಅಲ್ಲಿಂದ ನುಗ್ಗಿದ ಗಾಳಿ ಕಂಪ್ಯೂಟರಿನ ಲೆಕ್ಕಕ್ಕೆ ಸಿಗದೆ ಪೆಟ್ರೋಲು ಸಾಲದಾಗಿತ್ತು. ಪೈಪು ಹಳೆಯದಾಗಿ ಬಿರಿದದ್ದು, ಯಾರ ಕೈಯೂ ಆಡಿರಲಿಲ್ಲ. ಭಾವ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದ. ಎಂಜಿನ್ನಿನ ಏದುಸಿರು ನಿಂತು ಸದ್ದು ಸಮವಾಯಿತು.

ಡ್ರೈವರ್ ನನ್ನ ಎರಡೂ ಕೈ ಹಿಡಿದುಕೊಂಡ. "ನನ್ ಕೆಲ್ಸ ಉಳಿಸ್ಬುಟ್ರಿ ಕಣಣ್ಣ" ಅಂದ. ಫೋನಿನಲ್ಲಿ ಏನಂದೆನೆಂದು ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಜನ ಇನ್ನೂ ನಿಂತಿದ್ದರು.

ಕಾರು ಮರೆಯಾದ ಮೇಲೆ ಅಂಗಡಿಗೆ ಓಡಿ ಅದೇ ನಂಬರು ಬುಕ್ ಮಾಡಿಸಿದೆ. ಕತ್ತಲಾಗುವವರೆಗೆ ಕಾದರೂ ಲೈನು ಸಿಗಲಿಲ್ಲ. ಅಷ್ಟು ಹೊತ್ತಿಗೆ ಅವನು ಕಾರು ನಿಲ್ಲಿಸಿ, ಏನೂ ಆಗಿಲ್ಲ ಸಾರ್ ಎಂದು ನಗುತ್ತಾ ಮಾಲೀಕರಿಗೆ ಬೀಗದಕೈ ಕೊಡುತ್ತಿದ್ದಿರಬೇಕು.